ಮೊದಲ ಮೂಟೆ

ಆ ಊರಿನ ಹಿಟ್ಟಿನ ಗಿರಣಿಯ ಮುಂದೆ ಬೆಳಗಾದರೆ ಒಂದು ಜಗಳ. ನಲ್ಲಿಯ ಮುಂದೆ, ಬಸ್ಸಿನ ಬಾಗಿಲಲ್ಲಿ ಎಲ್ಲರೂ ನಾನು ಮೊದಲು ನಾನು ಮೊದಲು ಎಂದು ಕಿತ್ತಾಡಿದರೆ, ಇಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಾರೆ.

"ನೀವು ಹಿರಿಯರು ಅತ್ತೆ, ನೀವೇ ಮೊದಲು ಹಾಕಿ."

"ನನ್ನ ಹಿರಿತನ ಈಗ ನೆನಪಾಯ್ತೇನೇ? ಎಳೇ ಮಗು ಬಿಟ್ಟು ಬಂದಿದ್ದೀಯ, ನೀನೇ ಹಾಕು."

"ಮಗು ಅಜ್ಜಿ ಹತ್ರ ಆಡ್ತಾ ಇದೆ. ನನಗೇನೂ ಅವಸರ ಇಲ್ಲ."

ಕಾರಣ ಸರಳ. ಪ್ರತಿದಿನ ಸಂಜೆ ಗಿರಣಿಯ ಕಲ್ಲು ತೆಗೆದು, ಕಲ್ಲಿನ ಸುತ್ತಲಿನ ಪೆಟ್ಟಿಗೆ ಬಿಚ್ಚಿ ಗುಡಿಸುತ್ತಾರೆ. ಬೆಳಿಗ್ಗೆ ಪೆಟ್ಟಿಗೆ ಖಾಲಿ, ಕಲ್ಲಿನ ಗೀರುಗಳು ಖಾಲಿ. ಮೊದಲು ಸುರಿದ ಗೋಧಿಯ ಹಿಟ್ಟು ಆ ಸಂದುಗೊಂದುಗಳಲ್ಲೆಲ್ಲ ಹೋಗಿ ಕೂರುತ್ತದೆ. ಗಿರಣಿಯ ಹೊಟ್ಟೆ ತುಂಬಿದ ಮೇಲೆಯೇ ಮುಂದಿನವರ ಹಿಟ್ಟು ಸರಿಯಾಗಿ ಕೆಳಗಿಳಿಯುವುದು. ಹಾಗಾಗಿ ಮೊದಲ ಮೂಟೆಗೆ ಯಾವಾಗಲೂ ಹಿಟ್ಟು ಕಡಿಮೆ. ಕೊನೆಯಲ್ಲಿ ಬೀಸಿಸಿದವರಿಗೆ ಪೆಟ್ಟಿಗೆ ಗುಡಿಸಿದ ಹಿಟ್ಟು ಸೇರಬೇಕು ಎಂದು ಗಿರಣಿಯವಳು ನಿಯಮ ಮಾಡಿದ್ದಾಳೆ. ಆದ್ದರಿಂದ ಕೊನೆಯ ಜಾಗಕ್ಕೆ ಪೈಪೋಟಿ.

ಗಿರಣಿಯವಳನ್ನು ಊರು ಕರೆಯುವುದು ಹಿಟ್ಟುಕಳ್ಳಿ ಎಂದು. ಎದುರಿಗೆ "ಅಕ್ಕ", ಬೆನ್ನ ಹಿಂದೆ ಹಿಟ್ಟುಕಳ್ಳಿ. ಪರ ಊರಿನವರು ಗಿರಣಿ ಎಲ್ಲಿ ಎಂದು ಕೇಳಿದರೂ "ಹಿಟ್ಟುಕಳ್ಳಿ ಗಿರಣಿನಾ? ನೆಟ್ಟಗೆ ಹೋಗಿ, ಸದ್ದು ಕೇಳಿಸುತ್ತೆ" ಎನ್ನುತ್ತಾರೆ. ಅವಳ ಕಣ್ಣಿನ ರೆಪ್ಪೆ, ಹುಬ್ಬು, ಮುಂಗೈಯ ಕೂದಲು ಎಲ್ಲ ಬೆಳ್ಳಗೆ. ತೊಳೆದ ಮೇಲೂ ರೆಪ್ಪೆ ಬೆಳ್ಳಗೇ ಉಳಿಯಲು ಶುರುವಾದದ್ದು ಯಾವಾಗ ಎಂದು ಅವಳಿಗೇ ಗೊತ್ತಿಲ್ಲ. ಮೋಟಾರಿನ ಸದ್ದಿಗೆ ಕಿವಿ ಸ್ವಲ್ಪ ಮಂದ. ಅವಳು ಪಿಸುಗುಟ್ಟಿದರೆ ರಸ್ತೆಗೆ ಕೇಳಿಸುತ್ತದೆ.

ಈ ಹೆಸರು ಅವಳಿಗೆ ಬಂದದ್ದು ಗಿರಣಿಗೆ ಬರುವ ಮೊದಲೇ.

ಅವಳನ್ನು ಕೊಟ್ಟಿದ್ದು ದೊಡ್ಡ ಮನೆಗೆ. ದೊಡ್ಡದೆಂದರೆ ಗುಡಿಸಲು, ಸಾರಿಸಲು ದೊಡ್ಡದು. ಗಂಡ ಮನೆಯ ಕಿರಿಯ. ಅಣ್ಣನೇ ಯಜಮಾನ, ಅವಳಿಗೆ ಭಾವ. ಕಣಜದ ಬೀಗದ ಕೈ ಅವರ ಸೊಂಟದಲ್ಲಿ. ಮನೆಯೊಳಗೆ ಬರುವ ಉಪ್ಪಿನಿಂದ ಹಿಡಿದು ಹೊರಗೆ ಹೋಗುವ ಬೂದಿಯವರೆಗೆ ಎಲ್ಲಕ್ಕೂ ಅವರಲ್ಲಿ ಲೆಕ್ಕವಿತ್ತು. ನಡುಮನೆಯ ತೊಲೆಗೆ ಒಂದು ತಕ್ಕಡಿ ತೂಗುಬಿದ್ದಿತ್ತು. ಹೆಂಗಸರು ಮಾಡುವ ಕೆಲಸವೊಂದು ಬಿಟ್ಟು ಉಳಿದದ್ದನ್ನೆಲ್ಲ ಅದರಲ್ಲಿ ತೂಗುತ್ತಿದ್ದರು.

ಕೊಟ್ಟಿಗೆ, ನೀರು, ಪಾತ್ರೆ, ಬಟ್ಟೆ, ಹೊಲಕ್ಕೆ ಬುತ್ತಿ ಇವಳ ಪಾಲಿಗೆ. ಒಲೆ ವಾರಗಿತ್ತಿಯ ಪಾಲಿಗೆ. ಗಿರಣಿಯ ಕೆಲಸವೂ ಇವಳದೇ. ಗಂಡಸರು ಹೊಲಕ್ಕೆ ಹೊರಡುವ ಮುಂಚೆ ರೊಟ್ಟಿಯಾಗಬೇಕು, ರೊಟ್ಟಿಗೆ ಹಿಟ್ಟಾಗಬೇಕು. ಹಾಗಾಗಿ ಗಿರಣಿಯ ಬಾಗಿಲು ತೆಗೆಯುವ ಮುನ್ನವೇ ಇವಳು ಮೂಟೆಯ ಜೊತೆ ಅಲ್ಲಿ ನಿಂತಿರುತ್ತಿದ್ದಳು. ಬೇರೆ ಮನೆಯವರು ನಿಧಾನವಾಗಿ ಬರುವಷ್ಟರಲ್ಲಿ ಇವಳು ಬೀಸಿಸಿಕೊಂಡು ಓಡುತ್ತಿದ್ದಳು. ಮೊದಲ ಮೂಟೆ ಯಾವಾಗಲೂ ಇವಳದೇ.

ಹೋಗುವಾಗ ತೂಕ, ಬರುವಾಗ ತೂಕ. ಯಾವಾಗಲೂ ಕಡಿಮೆ. ಗಂಡ ಇದ್ದಾಗ ಭಾವ ತಕ್ಕಡಿ ನೋಡಿ, "ಆ ಗಿರಣಿಯವನು ಕಳ್ಳ ನನ್ಮಗ" ಎಂದು ಬೈದು ಸುಮ್ಮನಾಗುತ್ತಿದ್ದರು. ಗಂಡ ಜ್ವರ ಬಂದು ತೀರಿಕೊಂಡ. ಹಿಟ್ಟು ಮೊದಲಿನಷ್ಟೇ ಕಡಿಮೆ ಬರುತ್ತಿತ್ತು, ಕಳ್ಳ ಮಾತ್ರ ಬದಲಾದ.

ಅದು ಬದಲಾದದ್ದು ಇವಳು ಬಾಯಿ ಬಿಟ್ಟ ಮೇಲೆ. ಒಂದು ದಿನ ಬುತ್ತಿ ಕೊಟ್ಟು ನಿಂತವಳು, "ಭಾವ, ಇವರ ಪಾಲಿನ ಹೊಲ ಬೇರೆ ಮಾಡಿಕೊಡಿ. ನಾನೇ ಮಾಡಿಸಿಕೊಳ್ತೀನಿ" ಎಂದಳು. ಭಾವ ರೊಟ್ಟಿ ಮುರಿಯುತ್ತಿದ್ದವರು ತಲೆಯೆತ್ತಲಿಲ್ಲ. "ನೋಡೋಣ" ಎಂದರು.

ಮುಂದಿನ ಸಲ ಇವಳು ಗಿರಣಿಯಿಂದ ಬಂದಾಗ ನಡುಮನೆಯಲ್ಲಿ ಊರಿನ ಹಿರಿಯರು ಕೂತಿದ್ದರು. ಭಾವ ಎಲ್ಲರ ಎದುರಿಗೆ ಹಿಟ್ಟನ್ನು ತಕ್ಕಡಿಗೆ ಹಾಕಿದರು. ತಟ್ಟೆ ಮೇಲೆದ್ದಿತು.

"ಕಾಳು ತಗೊಂಡು ಹೋದವಳು ಇವಳೇ. ಹಿಟ್ಟು ತಂದವಳೂ ಇವಳೇ. ನಡುವೆ ಇನ್ನೊಬ್ಬರಿಲ್ಲ. ಹಾಗಾದ್ರೆ ಕದ್ದವರು ಯಾರು? ನೀವೇ ಹೇಳಿ."

ಹಿರಿಯರು ತಕ್ಕಡಿ ನೋಡಿದರು, ಇವಳನ್ನು ನೋಡಿದರು, ತಲೆಯಾಡಿಸಿದರು. ಆಗ ಗಿರಣಿ ನಡೆಸುತ್ತಿದ್ದ ಮುದುಕನನ್ನೂ ಕರೆಸಿದ್ದರು. ಅವನು ಕಾಲಿನ ಹೆಬ್ಬೆರಳು ನೋಡುತ್ತ, "ನಾನು ಬೀಸಿಕೊಡ್ತೀನಿ. ಆಮೇಲಿನದು ನನಗೇನು ಗೊತ್ತು?" ಎಂದ. ವಾರಗಿತ್ತಿ ಬಾಗಿಲ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ನಾನು ತಗೊಂಡಿಲ್ಲ" ಎಂದು ಇವಳು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಒಬ್ಬ ಹಿರಿಯ ಹೊಲದ ಮಾತು ತೆಗೆದಾಗ ಭಾವ ನಕ್ಕರು. "ಕಳ್ಳಿಗೆ ಎಂಥ ಪಾಲು?" ಅಲ್ಲಿಗೆ ಅದು ಮುಗಿಯಿತು. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಒಂದು ಟ್ರಂಕು ಹಿಡಿದುಕೊಂಡು ಇವಳು ಆ ಮನೆಯಿಂದ ಹೊರಬಿದ್ದಳು. ಪಾತ್ರೆ ಯಾಕೆ ತೊಳೆದೆ ಎಂದು ಆಮೇಲೆ ತನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದಾಳೆ. ಕೈ ರೂಢಿ, ಅಷ್ಟೇ.

ಹಿಟ್ಟುಕಳ್ಳಿಯನ್ನು ಯಾರೂ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಕೊನೆಗೆ ಕರೆದವನು ಗಿರಣಿಯ ಮುದುಕನೇ. ಸಂಜೆ ಗುಡಿಸುವ ಕೆಲಸ, ಮಲಗಲು ಗಿರಣಿಯ ಹಿಂದಿನ ಕೋಣೆ. ಮೊದಲ ಸಂಜೆ ಅವನು ಕಲ್ಲಿನ ಸುತ್ತಲಿನ ಪೆಟ್ಟಿಗೆ ಬಿಚ್ಚಿದಾಗ ಒಳಗೆ ಗೋಡೆಗೆ ಸುಣ್ಣ ಮೆತ್ತಿದ ಹಾಗೆ ಹಿಟ್ಟು. ಬ್ರಷ್ಷಿನಿಂದ ಎಳೆದರೆ ಗುಡ್ಡೆಗುಡ್ಡೆಯಾಗಿ ಬಿತ್ತು.

"ಇದೇನಜ್ಜ?"

"ಗಿರಣಿ ತಿಂದದ್ದು. ದಿನಾ ತಿನ್ನುತ್ತೆ."

"ಯಾರದ್ದು ತಿನ್ನುತ್ತೆ?"

"ಎಲ್ಲರದ್ದೂ ಒಂದಿಷ್ಟು. ಹೆಚ್ಚು ತಿನ್ನೋದು ಮೊದಲ ಮೂಟೆದು."

ಅವಳು ಬ್ರಷ್ಷು ಹಿಡಿದುಕೊಂಡೇ ಕೆಳಗೆ ಕೂತಳು. "ಆವತ್ತು ಯಾಕೆ ಹೇಳಲಿಲ್ಲ?"

ಮುದುಕ ಕೆಮ್ಮಿದ. "ಹೇಳಿದ್ರೆ ಎಲ್ಲರೂ ಪೆಟ್ಟಿಗೆ ಬಿಚ್ಚು ಅಂತಿದ್ರು. ನಮ್ಮ ಮನೆ ರೊಟ್ಟಿ ಆಗೋದೇ ಇದರಿಂದ." ಬಿದ್ದ ಹಿಟ್ಟನ್ನು ಎರಡು ಗುಡ್ಡೆ ಮಾಡಿ, "ಅರ್ಧ ನೀನು ತಗೋ" ಎಂದ.

ಅವಳು ತಗೊಂಡಳು. ಹಸಿವಾಗಿತ್ತು. ಊರಿನ ಹಿಟ್ಟನ್ನು ಊರಿಗೆ ಹೇಳದೆ ತಿನ್ನಲು ಶುರುಮಾಡಿದ್ದು ಹಿಟ್ಟುಕಳ್ಳಿ ಅನ್ನಿಸಿಕೊಂಡ ಮೇಲೆಯೇ.

ಓಡಿಹೋಗಿ ಆ ಹಿರಿಯರಿಗೆ ಹೇಳಬಹುದಿತ್ತು. ಆದರೆ ಕಳ್ಳಿಯ ಮಾತಿಗೆ ಸಾಕ್ಷಿ ಬೇಕು, ಸಾಕ್ಷಿ ಹೇಳಬೇಕಾದವನು ಕೆಮ್ಮುತ್ತ ಕೂತಿದ್ದ. ಅವಳು ಹಲ್ಲು ಕಚ್ಚಿ ಗುಡಿಸಿದಳು. ಬೆಲ್ಟು ಏರಿಸುವುದು, ಕಲ್ಲು ಕುಟ್ಟಿ ಹರಿತ ಮಾಡುವುದು, ಕಾಳು ಹಲ್ಲಲ್ಲಿ ಕಚ್ಚಿ ತೇವ ನೋಡುವುದು ಒಂದೊಂದಾಗಿ ಅವಳ ಕೈಗೆ ಬಂತು. ಮುದುಕನಿಗೆ ಹಿಟ್ಟಿನ ಧೂಳು ಎದೆಗೆ ಇಳಿದು ಮೇಲೇಳಲಾಗದಾದಾಗ ಗಿರಣಿ ಬಾಡಿಗೆಗೆ ಅವಳ ಕೈಗೆ ಬಂತು, ಅವನು ಸತ್ತ ಮೇಲೆ ಪೂರ್ತಿ ಅವಳದಾಯಿತು. ಸಾಯುವ ಮುಂಚೆ ಅವನು ಕ್ಷಮಿಸು ಎಂದನಂತೆ. "ಕ್ಷಮಿಸಿದೆಯಾ?" ಎಂದು ಯಾರೋ ಕೇಳಿದ್ದಕ್ಕೆ, "ಗಂಜಿ ಕುಡಿಸಿದೆ" ಎಂದಳು.

ಗಿರಣಿ ಕೈಗೆ ಬಂದ ದಿನ ಅವಳು ಎರಡು ಕೆಲಸ ಮಾಡಿದಳು. ಎಲ್ಲ ಹೆಂಗಸರ ಎದುರಿಗೆ ಪೆಟ್ಟಿಗೆ ಬಿಚ್ಚಿ ತೋರಿಸಿ, ಗುಡಿಸಿದ ಹಿಟ್ಟು ಕೊನೆಯವರಿಗೆ ಎಂದಳು. ಹೆಂಗಸರು ಹಿಟ್ಟು ನೋಡಿದರು, ಅವಳ ಮುಖ ನೋಡಿದರು. ಅವರಿಗೆಲ್ಲ ಅರ್ಥವಾಯಿತು. ಆದರೆ ಗಿರಣಿಗೆ ಬರುವವರು ಹೆಂಗಸರು, ನ್ಯಾಯಕ್ಕೆ ಕೂರುವವರು ಗಂಡಸರು. ಹೆಂಗಸರ ಕೈಯಿಂದ ಗಂಡಸರಿಗೆ ಬಿಸಿಬಿಸಿಯಾಗಿ ತಲುಪುವುದು ರೊಟ್ಟಿ ಮಾತ್ರ. ಭಾವನ ಕಿವಿಗೂ ಸುದ್ದಿ ಬಿದ್ದಿತು. ಅವರು ಅಂಗಡಿ ಕಟ್ಟೆಯ ಮೇಲೆ ಕೂತು, "ಗಿರಣಿ ಹಿಟ್ಟು ತಿನ್ನುತ್ತಂತೆ! ನಾಳೆ ಒಲೆ ರೊಟ್ಟಿ ತಿಂತು ಅಂತಾಳೆ" ಎಂದು ನಗಿಸಿದರು. ಹೆಸರು ಹಾಗೇ ಉಳಿಯಿತು.

ಎರಡನೆಯ ಕೆಲಸ, ಆ ಮನೆಯ ಮೂಟೆಯನ್ನು ಬೇಡ ಎಂದದ್ದು. "ಆ ಮನೆ ಕಾಳು ನನ್ನ ಕಲ್ಲಿಗೆ ಬೀಳಕೂಡದು."

ಸೇಡು ತೀರಿಸಲು ಬೇರೆ ದಾರಿಗಳೂ ಹೊಳೆದಿದ್ದವು. ಮೆಣಸಿನಕಾಯಿ ಪುಡಿ ಮಾಡಿದ ಮೇಲೆ ಕಲ್ಲು ತೊಳೆಯದೆ ಆ ಮನೆಯ ಗೋಧಿ ಹಾಕಿಬಿಟ್ಟರೆ? ಭಾವನ ಬಾಯಿ ಉರಿಯುವುದನ್ನು ಅವಳು ಎಷ್ಟೋ ದಿನ ಮನಸ್ಸಿನಲ್ಲೇ ನೋಡಿ ಸಂತೋಷಪಟ್ಟಿದ್ದಳು. ಆಮೇಲೆ ಊಟದ ತಟ್ಟೆ ಎಲ್ಲಿಗೆ ಹಾರುತ್ತದೆ, ಯಾರ ಮುಖಕ್ಕೆ ತಗಲುತ್ತದೆ ಎನ್ನುವುದೂ ಕಾಣಿಸಿ ಆ ಯೋಚನೆ ಬಿಟ್ಟಳು.

ಮೂಟೆ ಬೇಡ ಅಂದದ್ದರಿಂದ ಏನಾಗುತ್ತಿದೆ ಎನ್ನುವುದು ಮಾತ್ರ ಅವಳ ಕಣ್ಣಿಗೆ ಬಹಳ ಕಾಲ ಬೀಳಲಿಲ್ಲ. ಬಿದ್ದದ್ದು ಒಂದು ಬಿಸಿಲಿನ ಮಧ್ಯಾಹ್ನ. ಗಿರಣಿಯ ಮುಂದಿನ ರಸ್ತೆಯಲ್ಲಿ ಭಾವನ ಸೊಸೆ ಮೂಟೆ ಹೊತ್ತು ಪಕ್ಕದೂರಿನ ಗಿರಣಿಯಿಂದ ಬರುತ್ತಿದ್ದಳು. ತುಂಬು ಹೊಟ್ಟೆ. ಗಿರಣಿಯ ಕಟ್ಟೆಗೆ ಮೂಟೆ ಆನಿಸಿ ನಿಂತಳು. ಮತ್ತೆ ಎತ್ತಿಕೊಳ್ಳಲು ಹೋದರೆ ಆಗಲಿಲ್ಲ.

ಗಿರಣಿಯವಳು ಒಂದು ಚೊಂಬು ನೀರು ತಂದುಕೊಟ್ಟಳು. "ಮನೇಲಿ ಯಾರೂ ಇಲ್ವೇನೇ ಹೊರೋಕೆ?"

"ಇದ್ದಾರೆ. ಅತ್ತೆ ಮಂಡಿ ನೋವಲ್ಲಿ ಇದ್ದಾರೆ. ನಮ್ಮ ಮನೆಯವರು ಲಾರಿ ಮೇಲೆ ಹೋದರೆ ವಾರಕ್ಕೊಂದು ಸಲ ಬರ್ತಾರೆ. ಮಾವ ಇದ್ದಾರೆ." ಕೊನೆಯದನ್ನು ಹೇಳುವಾಗ ಅವಳಿಗೇ ನಗು ಬಂತು. "ಮಾವ ನೀರಿನ ಲೋಟಾನೂ ತಾವಾಗಿ ಬಗ್ಗಿ ತಗೊಳ್ಳಲ್ಲ."

"ನಿನ್ನ ಮಾವನಿಗೆ ರೊಟ್ಟಿ ಸರಿಯಾದ ಹೊತ್ತಿಗೆ ಸಿಗುತ್ತಾ?"

"ಸಿಗದೆ ಇದ್ರೆ ಮನೆ ಉಳಿಯುತ್ತಾ ಚಿಕ್ಕತ್ತೆ?"

ಚಿಕ್ಕತ್ತೆ. ಆ ಮನೆಯ ಕಡೆಯಿಂದ ಯಾರೂ ಅವಳನ್ನು ಸಂಬಂಧ ಹಿಡಿದು ಕರೆದು ಬಹಳ ಕಾಲವಾಗಿತ್ತು. ಅವಳು ಮೂಟೆಯನ್ನು ನೋಡಿದಳು. ಇಷ್ಟು ವರ್ಷ ತಾನು ಭಾವನ ಮೇಲೆ ತೀರಿಸಿದೆ ಅಂದುಕೊಂಡ ಸೇಡು ಈ ಹುಡುಗಿಯ ತಲೆಯ ಮೇಲೆ ಕೂತು, ಇವಳ ಅತ್ತೆಯ ಮಂಡಿ ಸವೆಸಿ, ಒಲೆಯಲ್ಲಿ ಬೆಂದು, ಉಬ್ಬಿದ ರೊಟ್ಟಿಯಾಗಿ ಭಾವನ ತಟ್ಟೆಗೆ ಬಿದ್ದಿದೆ. ಅವರಿಗೆ ಅದರ ಬಿಸಿ ಕೂಡ ತಟ್ಟಿಲ್ಲ.

"ಇನ್ನು ಮೇಲೆ ಇಲ್ಲೇ ಬೀಸಿಕೊಡ್ತೀನಿ" ಎಂದಳು. "ಆದರೆ ಮೂಟೆ ನಿನ್ನ ಮಾವ ತರಬೇಕು. ಹೋಗಿ ಹೇಳು."

ಸೊಸೆ ಹೇಳಿದಳೋ ಇಲ್ಲವೋ, ಹೆರಿಗೆಗೆ ತವರಿಗೆ ಹೋದಳು. ಆ ಮನೆಯಲ್ಲಿ ಹಿಟ್ಟಿನ ಡಬ್ಬದ ತಳ ಕಂಡಿತು. ಮಗ ಲಾರಿಯ ಮೇಲೆ ದೂರ ಹೋಗಿದ್ದ. ಭಾವ ಊಟಕ್ಕೆ ಕೂತು ಕಾದರು. ವಾರಗಿತ್ತಿ ಗೋಡೆಗೆ ಒರಗಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ, "ಹಿಟ್ಟಿಲ್ಲ" ಎಂದಳಂತೆ.

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಹೊಟ್ಟೆ ನಿಮ್ಮದು, ಮೂಟೆನೂ ನಿಮ್ಮದೇ. ಪಕ್ಕದೂರಿಗೆ ಬೇಕಾದ್ರೂ ಹೋಗಿ, ಇಲ್ಲಿನ ಗಿರಣಿಗೆ ಬೇಕಾದ್ರೂ ಹೋಗಿ. ನನ್ನ ಕಾಲು ಏಳಲ್ಲ."

ಪಕ್ಕದೂರು ಎಷ್ಟು ದೂರ ಎನ್ನುವುದು ಆವತ್ತು ಮೊದಲ ಬಾರಿಗೆ ಭಾವನ ಅರಿವಿಗೆ ಬಂದಿರಬೇಕು. ಮರುದಿನ ಬೆಳಿಗ್ಗೆ ಸೈಕಲ್ಲಿನ ಹಿಂದೆ ಮೂಟೆ ಕಟ್ಟಿಕೊಂಡು, ಹ್ಯಾಂಡಲಿಗೆ ನಡುಮನೆಯ ತಕ್ಕಡಿಯನ್ನೂ ತೂಗುಹಾಕಿಕೊಂಡು ಗಿರಣಿಯ ಮುಂದೆ ಇಳಿದರು. ಹೆಂಗಸರು ಎಂದಿನ ಹಾಗೆ ನೀವು ಮೊದಲು ನೀವು ಮೊದಲು ಎನ್ನುತ್ತಿದ್ದವರು ಬಾಯಿ ಮುಚ್ಚಿದರು.

"ಯಾರಿಗೆ ಮೊದಲ ಸರದಿ?" ಎಂದು ಗಿರಣಿಯವಳು ಕೇಳಿದಳು.

"ಇನ್ಯಾರಿಗೆ? ನಾನು ಹೆಂಗಸರ ಹಿಂದೆ ನಿಲ್ಲೋಕಾಗುತ್ತಾ?" ಎಂದರು ಭಾವ.

"ಮೊದಲು ಹಾಕಿದ್ರೆ ಹಿಟ್ಟು ಕಡಿಮೆ ಬರುತ್ತೆ ಭಾವ. ನಾಲ್ಕು ಜನ ಆದ ಮೇಲೆ ಹಾಕಿ. ನಾನು ಹೇಳಲಿಲ್ಲ ಅನ್ನಬೇಡಿ."

"ನಿನ್ನ ಪುರಾಣ ನನಗೆ ಗೊತ್ತು. ಗಿರಣಿಗೆ ಹಸಿವು!"

ಸಾಲಿನಲ್ಲಿದ್ದ ಹಿರಿಯ ಹೆಂಗಸು, ಬಾಯಿಯಲ್ಲಿ ಹಲ್ಲಿಲ್ಲದಿದ್ದರೂ ಮಾತಿಗೆ ಹಲ್ಲಿದ್ದವಳು, ಜಾಗ ಬಿಟ್ಟು ಸರಿದಳು. "ಹಾಕಲಿ ಬಿಡೇ. ಗಂಡಸರು ಮೊದಲು. ನಾವು ಯಾವತ್ತು ಬೇಡ ಅಂದಿದ್ದೀವಿ?"

ಭಾವ ಯಾರನ್ನೂ ನಂಬಲಿಲ್ಲ. ತಮ್ಮ ತಕ್ಕಡಿಯಲ್ಲೇ ಗೋಧಿ ತೂಗಿ ಎಲ್ಲರಿಗೂ ತೋರಿಸಿದರು. ಯಂತ್ರದ ತಗಡಿನ ಬಾಯಿಗೆ ತಾವೇ ಸುರಿದರು. ಹಿಟ್ಟು ಇಳಿಯುವ ಬಟ್ಟೆಯ ತೋಳಿಗೆ ತಾವೇ ಚೀಲ ಹಿಡಿದು ಕುಕ್ಕರಗಾಲಲ್ಲಿ ಕೂತರು. "ನೀನು ದೂರ ನಿಲ್ಲು" ಎಂದರು. ಅವಳು ಗುಂಡಿ ಒತ್ತಿ ಗೋಡೆಯ ಪಕ್ಕ ಹೋಗಿ ಕೈಕಟ್ಟಿ ನಿಂತಳು. ಹಿಟ್ಟು ಇಳಿಯಿತು. ಭಾವನ ಮೀಸೆ, ಹುಬ್ಬು ಬೆಳ್ಳಗಾದವು. ಕಾಳು ಮುಗಿದು ಕಲ್ಲು ಖಾಲಿ ತಿರುಗತೊಡಗಿದಾಗ ಅವರು ಚೀಲವನ್ನು ತಕ್ಕಡಿಗೆ ಹಾಕಿದರು.

ತಟ್ಟೆ ಮೇಲೆದ್ದಿತು.

ತೂಕದ ಕಲ್ಲು ತಟ್ಟೆಯಲ್ಲಿ ಸರಿ ಇದೆಯೇ, ಕೊಕ್ಕೆ ಸಿಕ್ಕಿಕೊಂಡಿದೆಯೇ ಎಂದು ನೋಡಿ ಮತ್ತೆ ತೂಗಿದರು. ಮತ್ತೆ ಮೇಲೆದ್ದಿತು.

"ಕಳ್ಳಿ ಕಳ್ಳಿನೇ!" ಎಂದು ಕೂಗಿದರು. "ಹಿಟ್ಟೆಲ್ಲಿ?"

ಅವಳು ಗೋಡೆ ಬಿಟ್ಟು ಕದಲಲಿಲ್ಲ. ಇಷ್ಟು ವರ್ಷ ಮನಸ್ಸಿನಲ್ಲಿ ಬೀಸಿ ಬೀಸಿ ನುಣ್ಣಗೆ ಮಾಡಿಟ್ಟಿದ್ದ ಮಾತುಗಳು ಒಂದೂ ನೆನಪಾಗಲಿಲ್ಲ. ಭಾವನದೇ ಮಾತು ನೆನಪಾಯಿತು.

"ಕಾಳು ತಂದವರು ನೀವೇ ಭಾವ. ಹಿಟ್ಟು ಹಿಡಿದವರೂ ನೀವೇ. ನಡುವೆ ಇನ್ನೊಬ್ಬರಿಲ್ಲ. ಹಾಗಾದ್ರೆ ಕದ್ದವರು ಯಾರು? ನೀವೇ ಹೇಳಿ."

ಹಲ್ಲಿಲ್ಲದ ಮುದುಕಿ ಚಪ್ಪಾಳೆ ತಟ್ಟಿದಳು. "ಅಯ್ಯೋ, ಮನೆ ಯಜಮಾನನೇ ಮನೆ ಹಿಟ್ಟು ಕದ್ದರೆ ಹೆಂಡತಿ ಯಾರಿಗೆ ಹೇಳಬೇಕು?"

"ಮೀಸೆ ಝಾಡಿಸಿ ನೋಡಿ ದೊಡ್ಡಪ್ಪ, ಅದರಲ್ಲೇ ಒಂದು ರೊಟ್ಟಿಗೆ ಆಗೋಷ್ಟಿದೆ" ಎಂದಳು ಎಳೆ ಮಗುವಿನ ತಾಯಿ.

"ಜೇಬು ನೋಡ್ರೇ, ಜೇಬು!"

ಭಾವ ಒಬ್ಬೊಬ್ಬರ ಮುಖ ನೋಡಿದರು. ಎಲ್ಲ ಅವರ ಊರಿನ ಹೆಂಗಸರೇ. ಇಷ್ಟು ಜನ ಒಟ್ಟಿಗೆ ತಮ್ಮನ್ನು ನೋಡಿ ನಗುವುದನ್ನು ಅವರು ಕಂಡಿರಲಿಲ್ಲ. ಗಿರಣಿ ಅವರ ಹಿಂದೆ ಖಾಲಿ ತಿರುಗುತ್ತಲೇ ಇತ್ತು. ಅವರು ಬಾಯೊಳಗೇ ಏನೋ ಅಂದರು.

ಅವಳು ಹೋಗಿ ಮೋಟಾರು ನಿಲ್ಲಿಸಿದಳು. ಬೆಲ್ಟು ಪಟಪಟ ಬಡಿದು ನಿಧಾನವಾಯಿತು, ಕಲ್ಲು ಗೊರಗುಟ್ಟಿ ನಿಂತಿತು. ಬೆಳಗಿನ ಹೊತ್ತಿನಲ್ಲಿ ಗಿರಣಿ ಅಷ್ಟು ಸುಮ್ಮನಿದ್ದದ್ದೇ ಇಲ್ಲ. ಎದುರಿನ ಸೈಕಲ್ ಅಂಗಡಿಯವನು ಏನಾಯಿತೆಂದು ಹೊರಗೆ ಬಂದು ನಿಂತ, ಅಂಗಡಿ ಕಟ್ಟೆಯ ಮೇಲಿನ ಗಂಡಸರೂ ಇತ್ತ ತಿರುಗಿದರು.

"ಸದ್ದಲ್ಲಿ ಕೇಳಿಸಲಿಲ್ಲ ಭಾವ. ಇನ್ನೊಂದು ಸಲ ಹೇಳಿ."

"ಯಾರೂ ಕದ್ದಿಲ್ಲ ಅಂದೆ."

"ಹಾಗಾದ್ರೆ?"

"ಗಿರಣಿ ತಿಂತು."

"ಆವತ್ತಿನದು?"

ಭಾವ ತಕ್ಕಡಿಯ ಸರಪಳಿಯನ್ನು ಕೈಗೆ ಸುತ್ತಿಕೊಂಡರು, ಬಿಚ್ಚಿದರು. "ಆವತ್ತಿನದೂ ಗಿರಣಿನೇ ತಿಂದಿರಬೇಕು" ಎಂದರು.

"ಇರಬೇಕು ಅಲ್ಲ."

"ತಿಂತು. ಆವತ್ತೂ ಗಿರಣಿನೇ ತಿಂತು. ಸಾಕಾ?"

ಅವಳು ತಲೆಯಾಡಿಸಿದಳು. ಪೆಟ್ಟಿಗೆಯ ತಿರುಪು ಬಿಚ್ಚಿ ಮುಚ್ಚಳ ತೆಗೆದು ತೋರಿಸಿದಳು. ಒಳಗೆ ಅವರ ಹೊಲದ ಗೋಧಿಯ ಹಿಟ್ಟು ಕಲ್ಲಿನ ಸುತ್ತ ಮೆತ್ತಿಕೊಂಡಿತ್ತು. ಭಾವ ಕೈ ಚಾಚಿದರು.

"ಅದು ಕೊನೆಯವರಿಗೆ" ಎಂದು ಅವಳು ಮುಚ್ಚಳ ಹಾಕಿದಳು. "ಬೇಕಿದ್ರೆ ಕೊನೆಗೆ ಕೂತ್ಕೊಳ್ಳಿ."

ಬೇರೆ ಯಾರಾದರೂ ಆಗಿದ್ದರೆ ಚೀಲ ಎತ್ತಿಕೊಂಡು ಹೋಗಿಬಿಡುತ್ತಿದ್ದರು. ಭಾವ ಸೈಕಲ್ಲಿನವರೆಗೆ ಹೋದರು. ಹಿಂತಿರುಗಿ ಪೆಟ್ಟಿಗೆ ನೋಡಿದರು. ಬೂದಿಗೂ ಲೆಕ್ಕವಿಟ್ಟ ಮನುಷ್ಯ. ತಮ್ಮ ಹಿಟ್ಟನ್ನು ಪರರಿಗೆ ಬಿಟ್ಟು ಹೋಗಲು ಕಾಲು ಏಳಲಿಲ್ಲ. ಬಂದು ಸಾಲಿನ ಕೊನೆಯ ಬೆಂಚಿನ ಮೇಲೆ ಕೂತರು.

ಅವಳು ಮೋಟಾರು ಶುರುಮಾಡಿದಳು. "ಮುಂದಿನ ಮೂಟೆ!"

ಆ ದಿನ ಹೆಂಗಸರು ಬೇಕೆಂದೇ ನಿಧಾನ ಮಾಡಿದರು. ಮನೆಗೆ ಹೋಗಿ ಮತ್ತೊಂದು ಡಬ್ಬ ತಂದವರೂ ಉಂಟು. ಭಾವ ಕೂತೇ ಇದ್ದರು. ಬಿಸಿಲು ಬಾಗಿಲು ದಾಟಿ ಒಳಗೆ ಬಂತು. ಹಲ್ಲಿಲ್ಲದ ಮುದುಕಿ ತನ್ನ ಮೊರವನ್ನು ಅವರ ತೊಡೆಯ ಮೇಲೆ ಇಟ್ಟಳು. "ಸುಮ್ಮನೆ ಕೂತಿದ್ದೀಯಲ್ಲಪ್ಪ, ಈ ಗೋಧೀಲಿ ಕಲ್ಲು ಆರಿಸು. ನನ್ನ ಕಣ್ಣು ಕಾಣಲ್ಲ." ಅವರು ಸುತ್ತ ನೋಡಿದರು. ಆಮೇಲೆ ಆರಿಸತೊಡಗಿದರು. ಒಂದು ಕಲ್ಲು ಸಿಕ್ಕಿತು. ಅದನ್ನು ಮುದುಕಿಗೆ ತೋರಿಸಿದರು. "ಒಂದಕ್ಕೇ ಮೆರೆಯಬೇಡ, ಇನ್ನೂ ಇದೆ" ಎಂದಳು ಮುದುಕಿ.

ಎಲ್ಲರೂ ಹೋದ ಮೇಲೆ ಅವಳು ಪೆಟ್ಟಿಗೆ ಬಿಚ್ಚಿ, ಬ್ರಷ್ಷಿನಿಂದ ಮೂಲೆಮೂಲೆ ಎಳೆದು, ದಿನದ ಹಿಟ್ಟನ್ನೆಲ್ಲ ಅವರ ಚೀಲಕ್ಕೆ ಹಾಕಿದಳು. ಭಾವ ತೂಗಲಿಲ್ಲ. ಬಾಯಿ ಕಟ್ಟಿದರು. ಸೈಕಲ್ಲಿಗೆ ಏರಿಸುವಾಗ ಚೀಲ ಜಾರಿತು. ಅವಳು ಒಂದು ತುದಿ ಹಿಡಿದಳು.

"ಸೊಸೆ ಬರೋವರೆಗೆ ನಾನೇ ಬರಬೇಕಾಗುತ್ತೆ" ಎಂದರು ಭಾವ, ಹಗ್ಗ ಬಿಗಿಯುತ್ತ, ಅವಳ ಮುಖ ನೋಡದೆ. "ಎಷ್ಟು ಹೊತ್ತಿಗೆ ಬರಲಿ?"

"ಅವಳು ಬಂದ ಮೇಲೂ ನೀವೇ ಬನ್ನಿ. ಬಾಣಂತಿ ಮೂಟೆ ಹೊರಲ್ಲ." ಅವಳು ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡಳು. "ಎಲ್ಲರಿಗಿಂತ ಮೊದಲು ಮಾತ್ರ ಬರಬೇಡಿ. ಮತ್ತೆ, ಇವರ ಪಾಲಿನ ಹೊಲದ ಮಾತು ಅರ್ಧಕ್ಕೇ ನಿಂತಿತ್ತು. ಬರುವಾಗ ಅದಕ್ಕೂ ಉತ್ತರ ಯೋಚಿಸಿಕೊಂಡು ಬನ್ನಿ."

ಭಾವ ಕಟ್ಟಿದ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟಿದರು. ಕಳ್ಳಿಗೆ ಎಂಥ ಪಾಲು ಎಂಬ ಹಿಂದಿನ ಉತ್ತರ ಈ ಸಲ ನಡೆಯುವಂತಿರಲಿಲ್ಲ. "ನೋಡೋಣ" ಎಂದರು ಕೊನೆಗೆ.

"ನೋಡೋಣ ಅಂತ ಆವತ್ತೂ ಅಂದಿದ್ರಿ" ಎಂದು ಅವಳು ಒಳಗೆ ಹೋದಳು. ಪೆಟ್ಟಿಗೆಯ ತಿರುಪು ಇನ್ನೂ ಬಿಗಿಯಬೇಕಿತ್ತು.